ಕಾಗದದ ಬುಟ್ಟಿ, ಕೈಬರಹದ ಓಲೆ

ಮೂರು ವರ್ಷಗಳ ಹಿಂದಿನ ಮಾತು. ಸಂಕ್ರಾಂತಿಗೆ ಇನ್ನೂ ನಾಲ್ಕಾರು ದಿನಗಳಿರುವಾಗ, ಬೆಂಗಳೂರಿನ ಗಂಗಾನಗರದಲ್ಲಿ ಕೆಲವರು ಗೃಹಿಣಿಯರು ಒಟ್ಟುಗೂಡಿ ಪುಟ್ಟದೊಂದು ಪ್ರದರ್ಶನವನ್ನು ಏರ್ಪಡಿಸಿದ್ದರು. ಬಳ್ಳಾರಿ ರಸ್ತೆಯ ಗದ್ದಲವನ್ನು ಬಿಟ್ಟು ಒಳಕ್ಕೆ ತಿರುಗಿ, ಎರಡು ಅಡ್ಡರಸ್ತೆಗಳನ್ನು ದಾಟಿದರೆ ಸಿಕ್ಕುವ ಒಂದು ಮನೆಯ ನಡುಮನೆಯೇ ಸಭಾಂಗಣ. ಮನೆಯಲ್ಲಿ ಕೈಯಾರೆ ಮಾಡಿದ ಕಾಗದದ ಬುಟ್ಟಿಗಳು, ಶುಭಾಶಯದ ಕಾರ್ಡುಗಳು, ಇವೆರಡೇ ಅಲ್ಲಿದ್ದ ವಸ್ತುಗಳು. ಯಾವುದು ಉತ್ತಮವೆಂದು ಹೇಳುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿದ್ದರು. ಬೇಡವೆನ್ನುವಷ್ಟು ಬುದ್ಧಿ ಆ ದಿನ ನಮಗೆ ಇರಲಿಲ್ಲ.

ಮೇಜಿನ ಮೇಲೆ ಹದಿನಾಲ್ಕು ಬುಟ್ಟಿಗಳಿದ್ದುವು. ಅವುಗಳಲ್ಲಿ ಒಂದು ಕಣ್ಣು ಕುಕ್ಕುವಂತಿತ್ತು. ಹೊಂಬಣ್ಣದ ಕಾಗದ, ಅದರ ಮೇಲೆ ಮುತ್ತಿನ ಸರ, ಹಿಡಿಕೆಗೆ ಕೆಂಪು ಪಟ್ಟಿ. ಎಲ್ಲವನ್ನೂ ಗ್ಲೂ ಗನ್ನಿನಿಂದ ಅಂಟಿಸಿತ್ತು. ಮೇಜಿನ ಕೊನೆಯಲ್ಲಿ ಬೂದಿಬಣ್ಣದ ದಪ್ಪ ಬುಟ್ಟಿಯೊಂದು ಸಂಕೋಚದಿಂದ ಕುಳಿತಂತೆ ಇತ್ತು. ಅದಕ್ಕೆ ಹಿಡಿಕೆಯಿಲ್ಲ, ಅಂಚಿನಲ್ಲಿ ಕೆಮ್ಮಣ್ಣಿನ ಒಂದು ಗೆರೆ, ಅದರ ಕೆಳಗೆ ಸುಣ್ಣದ ಚುಕ್ಕಿಗಳ ಸಾಲು. ಅಷ್ಟೇ ಅದರ ಶೃಂಗಾರ. ನಾವು ಅದನ್ನು ಎತ್ತಿ ನೋಡಲೂ ಇಲ್ಲ. ಹೊಂಬಣ್ಣದ ಬುಟ್ಟಿಗೆ ಮೊದಲ ಬಹುಮಾನವೆಂದು ಹೇಳಿ, ಕೊಟ್ಟ ಕಾಫಿಯನ್ನು ಕುಡಿದು ಕುಳಿತೆವು.

ಸಂಜೆ ಬುಟ್ಟಿಗಳಲ್ಲಿ ಎಳ್ಳುಬೆಲ್ಲ, ಬಾಳೆಹಣ್ಣು, ಕಬ್ಬಿನ ತುಂಡು ಇವುಗಳನ್ನು ತುಂಬಿ ಎಲ್ಲರೂ ಮನೆಗೆ ಹೊರಟರು. ಬಹುಮಾನದ ಬುಟ್ಟಿ ಗೇಟಿನವರೆಗೆ ಮಾತ್ರ ನಡೆಯಿತು. ಹಿಡಿಕೆ ಕೈಯಲ್ಲಿ ಉಳಿಯಿತು. ಎಳ್ಳೂ ಕೊಬ್ಬರಿಯೂ ಬೀದಿಯ ಪಾಲಾದುವು. ಆ ಹೊತ್ತಿಗೆ ಸರಿಯಾಗಿ ಬೂದಿಬಣ್ಣದ ಬುಟ್ಟಿಯ ಒಡತಿ, ಬಾಗಲಕೋಟೆಯ ಕಡೆಯಿಂದ ಬಂದು ಮಗನ ಮನೆಯಲ್ಲಿ ನೆಲಸಿದ ವೃದ್ಧೆ, ಎರಡು ತೆಂಗಿನಕಾಯಿಗಳನ್ನೂ ಒಂದು ಸೇರು ಕಡಲೆಯನ್ನೂ ಅದರಲ್ಲಿಟ್ಟು ಸೊಂಟಕ್ಕೆ ಒತ್ತಿಕೊಂಡು ನಮ್ಮ ಮುಂದೆಯೇ ಹಾದುಹೋದರು. ನಮ್ಮ ಮುಖವನ್ನು ಕಂಡು ಅವರಿಗೆ ಮರುಕ ಹುಟ್ಟಿತೆಂದು ತೋರುತ್ತದೆ. “ಇದು ನೋಡಾಕ ಅಲ್ಲವ್ವಾ, ಕಾಳು ಇಡಾಕ” ಎಂದರು.

ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸಾಧ್ಯವಿರಲಿಲ್ಲ. ಮರುವಾರ ಅವರ ಮನೆಗೆ ಹೋಗಿ, ಆ ಬುಟ್ಟಿಯನ್ನು ಮಾಡುವ ಬಗೆಯನ್ನು ಕಲಿಸಿರೆಂದು ಕೇಳಿಕೊಂಡೆವು. ಈ ದಿನ ಹೇಳಬೇಕೆಂದಿರುವುದರಲ್ಲಿ ಹೆಚ್ಚಿನ ಪಾಲು ಅವರಿಂದ ಬಂದದ್ದು.

ಹಳೆಯ ವೃತ್ತಪತ್ರಿಕೆಗಳನ್ನು ಅಂಗೈಯಗಲದ ಚೂರುಗಳಾಗಿ ಹರಿದು ನೀರಿನಲ್ಲಿ ನೆನೆಹಾಕಬೇಕು. ಕತ್ತರಿಯಿಂದ ಕತ್ತರಿಸಬಾರದು. ಹರಿದ ಅಂಚಿನಲ್ಲಿ ನಾರು ಬಿಚ್ಚಿಕೊಂಡಿರುತ್ತದೆ. ನಾರಿಗೆ ನಾರು ಹೆಣೆದುಕೊಂಡರೇನೇ ಬುಟ್ಟಿಗೆ ಬಲ. ಮೂರು ದಿನ ನೆನೆಯಲಿ. ದಿನಕ್ಕೊಮ್ಮೆ ನೀರನ್ನು ಬದಲಾಯಿಸದೆ ಹೋದರೆ ಮನೆಯವರು ನಿಮ್ಮನ್ನೂ ಬುಟ್ಟಿಯನ್ನೂ ಕೂಡಿಯೇ ಹೊರಗೆ ಹಾಕುವರು. ಮೂರನೆಯ ರಾತ್ರಿ ಎರಡು ಹಿಡಿ ಮೆಂತ್ಯವನ್ನು ಬೇರೆಯಾಗಿ ನೆನೆಯಿಡಿ. ಬೆಳಿಗ್ಗೆ ಕಾಗದವನ್ನು ಹಿಂಡಿ, ಮೆಂತ್ಯದೊಡನೆ ಸೇರಿಸಿ ಒರಳಿನಲ್ಲಿ ರುಬ್ಬಬೇಕು. ಮಿಕ್ಸಿಯಲ್ಲಿಯೂ ಆದೀತು, ಆದರೆ ಅದು ನಾರನ್ನು ತುಂಡರಿಸಿ ಗಂಜಿ ಮಾಡಿಬಿಡುತ್ತದೆ. ನಾವು ಮೊದಲ ಸಲ ಹಾಗೆಯೇ ಮಾಡಿ ಕೈಸುಟ್ಟುಕೊಂಡೆವು. ಒಣಗಿದ ಬುಟ್ಟಿ ಹಪ್ಪಳದಂತೆ ಮುರಿಯಿತು.

ಮೆಂತ್ಯವೇ ಏಕೆಂದು ಕೇಳಿದರೆ ಆ ಅಜ್ಜಿ “ನಮ್ಮವ್ವ ಹಾಕತಿದ್ಲು” ಎಂದರು. ಕಾರಣ ಬೀಜದೊಳಗೇ ಉಂಟು. ನೆನೆದ ಮೆಂತ್ಯದ ಲೋಳೆ ಒಳ್ಳೆಯ ಅಂಟು. ಒಣಗಿದ ಮೇಲೆ ನಾರುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಕಹಿಗೆ ಹುಳು ಹತ್ತುವುದಿಲ್ಲವೆಂದು ಹಿರಿಯರ ನಂಬಿಕೆ. ಅಂಗಡಿಯ ಗೋಂದನ್ನು ಕಾಣದ ಕಾಲದಲ್ಲಿ ಅಡುಗೆಮನೆಯ ಡಬ್ಬಿಯಲ್ಲಿಯೇ ಅಂಟನ್ನು ಕಂಡುಹಿಡಿದ ಹೆಂಗಸರ ಹೆಸರು ಯಾವ ಗ್ರಂಥದಲ್ಲಿಯೂ ಬರೆದಿಲ್ಲ.

ರುಬ್ಬಿದ ಮುದ್ದೆ ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದ ಮೇಲೆ, ಬೇಕಾದ ಗಾತ್ರದ ಪಾತ್ರೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆಯ ತೆಳುಬಟ್ಟೆಯನ್ನು ಹೊದಿಸಬೇಕು. ಮುದ್ದೆಯನ್ನು ಸಣ್ಣ ಸಣ್ಣ ರೊಟ್ಟಿಗಳಂತೆ ತಟ್ಟಿ, ಒಂದರ ಅಂಚು ಇನ್ನೊಂದರ ಮೇಲೆ ಕೂರುವಂತೆ ತಳದಿಂದ ಬಾಯಿಯವರೆಗೆ ಒತ್ತುತ್ತ ಬರಬೇಕು. ಅರ್ಧ ಬೆರಳಿನಷ್ಟು ದಪ್ಪವಿದ್ದರೆ ಸಾಕು. ಆಮೇಲೆ ತಾಳ್ಮೆಯ ಪರೀಕ್ಷೆ. ಮೊದಲ ದಿನವೇ ಬಿಸಿಲಿಗೆ ಇಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಮೈ ಇನ್ನೂ ಹಸಿಯಾಗಿರುತ್ತದೆ. ಬುಟ್ಟಿ ಬಿರುಕು ಬಿಡುತ್ತದೆ. ಎರಡು ದಿನ ನೆರಳಿನಲ್ಲಿಟ್ಟು, ಪಾತ್ರೆಯಿಂದ ಬಿಡಿಸಿ, ಬಳಿಕ ಬಿಸಿಲಿಗೆ ಇಡತಕ್ಕದ್ದು. ಬೆಂಗಳೂರಿನಲ್ಲಿ ಜನವರಿಯಿಂದ ಏಪ್ರಿಲಿನವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಷಾಢದಲ್ಲಿ ಕೈಹಾಕಿದರೆ ಬುಟ್ಟಿಗೆ ಬದಲಾಗಿ ಬೂಷ್ಟು ಬೆಳೆಯುತ್ತದೆ.

ಮೇಲ್ಮೈ ನುಣುಪಾಗಬೇಕಾದರೆ ಹುಣಿಸೆಬೀಜದ ಸರಿ ಬೇಕು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ನುಣ್ಣಗೆ ಅರೆದು ನೀರಿನಲ್ಲಿ ಕುದಿಸಿದರೆ ಅದು ಗಟ್ಟಿ ಅಂಟಾಗುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಮರದ ಹೊಟ್ಟಿಗೂ ನಾರಿನ ಪುಡಿಗೂ ಇದೇ ಅಂಟನ್ನು ಕಲಸಿ ‘ಕಿಟ್ಟ’ವೆಂಬ ಮುದ್ದೆಯನ್ನು ಮಾಡಿಕೊಳ್ಳುತ್ತಾರೆ. ಕಲಾವಿದರ ಮನೆಯ ಅಂಟೂ ಅಜ್ಜಿಯ ಅಡುಗೆಮನೆಯ ಅಂಟೂ ಒಂದೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ನಾವು ನೆನೆಹಾಕುವ ಈ ಕಾಗದ ಎಲ್ಲಿಂದ ಬಂತು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಮಲೆನಾಡಿನ ಬಿದಿರು ಅದರ ಆಹಾರವಾಗಿತ್ತು. 1955ರಲ್ಲಿ ಹುಟ್ಟಿದ ದಾಂಡೇಲಿಯ ಕಾರ್ಖಾನೆಯೂ ಉತ್ತರ ಕನ್ನಡದ ಬಿದಿರನ್ನೇ ನಂಬಿ ಬಂತು. ಭದ್ರಾವತಿಯ ಕಾರ್ಖಾನೆ ಈಗ ಕೆಲವು ವರ್ಷಗಳಿಂದ ನಿಂತುಹೋಗಿದೆ. ಆದರೆ ಹಳೆಯ ಮನೆಗಳ ಅಟ್ಟದ ಮೇಲಿರುವ ಪುಸ್ತಕ, ಪತ್ರಿಕೆಗಳಲ್ಲಿ ಆ ಬಿದಿರು ಇನ್ನೂ ಇದೆ. ಮೇದಾರರ ಕೈಗೆ ಬಂದಿದ್ದರೆ ಬುಟ್ಟಿಯೇ ಆಗುತ್ತಿದ್ದ ಬಿದಿರು, ಕಾಗದವಾಗಿ, ಸುದ್ದಿಯನ್ನು ಹೊತ್ತು, ರದ್ದಿಯಾಗಿ, ನಮ್ಮ ಒರಳಿಗೆ ಬಿದ್ದು ಕೊನೆಗೆ ಬುಟ್ಟಿಯೇ ಆಯಿತೆಂದರೆ ಅದರ ಹಣೆಬರಹವನ್ನು ತಪ್ಪಿಸಲು ಯಂತ್ರಕ್ಕೂ ಆಗಲಿಲ್ಲವೆಂದಾಯಿತು.

ಮೇದಾರರ ಮಾತು ಬಂದುದರಿಂದ ಹೆಣೆಯುವ ಬುಟ್ಟಿಯನ್ನೂ ಹೇಳಿಬಿಡುತ್ತೇವೆ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನದು ಬಿದಿರು ಸೀಳಿ ಬುಟ್ಟಿ ಹೆಣೆಯುವ ಕಾಯಕ. ಬಿದಿರಿನ ಸೀಳಿಗೆ ಬದಲಾಗಿ ನಾವು ಕಾಗದದ ಕೊಳವೆಯನ್ನು ಬಳಸಬಹುದು. ಪತ್ರಿಕೆಯ ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಮಾಡಿ, ಸೈಕಲ್ ಚಕ್ರದ ಕಡ್ಡಿಯೊಂದರ ಮೇಲೆ ಓರೆಯಾಗಿ ಸುತ್ತಿ, ತುದಿಗೆ ಅಂಟು ಹಚ್ಚಿ ಕಡ್ಡಿಯನ್ನು ಎಳೆದುಬಿಟ್ಟರೆ ಕೊಳವೆ ಸಿದ್ಧ. ಒಂದು ತುದಿ ಸಣ್ಣದಾಗಿರುವಂತೆ ಸುತ್ತಿದರೆ ಒಂದರೊಳಕ್ಕೆ ಇನ್ನೊಂದನ್ನು ಸೇರಿಸಿ ಎಷ್ಟು ಉದ್ದಕ್ಕಾದರೂ ಬೆಳೆಸಬಹುದು. ದುಂಡು ರಟ್ಟಿನ ತಳಕ್ಕೆ ನಿಲುವಿನ ಕೊಳವೆಗಳನ್ನು ಅಂಟಿಸಿ, ಮತ್ತೊಂದು ಕೊಳವೆಯನ್ನು ಒಂದರ ಹಿಂದೆ, ಒಂದರ ಮುಂದೆ ಹಾಯಿಸುತ್ತ ಹೋಗುವುದು. ನಿಲುವುಗಳ ಸಂಖ್ಯೆ ಬೆಸವಾಗಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಹದಿನಾರು ನಿಲುವುಗಳಿದ್ದರೆ ಎರಡನೆಯ ಸುತ್ತಿನಲ್ಲಿ ಕೊಳವೆ ಮೊದಲಿನ ದಾರಿಯನ್ನೇ ಹಿಡಿಯುತ್ತದೆ, ಹೆಣಿಗೆ ಕೂಡುವುದಿಲ್ಲ. ಹದಿನೇಳಿದ್ದರೆ ತಾನಾಗಿಯೇ ಸ್ಥಾನ ಬದಲಾಗುತ್ತದೆ. ನಮ್ಮ ಮನೆಯ ಹುಡುಗನಿಗೆ ಸಮ, ಬೆಸಗಳ ಭೇದ ಶಾಲೆಗಿಂತ ಚೆನ್ನಾಗಿ ಇಲ್ಲಿ ಹತ್ತಿತು.

ಇನ್ನು ಅಲಂಕಾರ. ಹೊಳೆಯುವ ಕಾಗದವನ್ನು ನಾವು ದ್ವೇಷಿಸುವುದಿಲ್ಲ. ಒಮ್ಮೆ ಮೋಸಹೋದವರು ಸ್ವಲ್ಪ ಬಿಗಿಯಾಗಿ ಮಾತನಾಡುವುದು ಸಹಜ. ಆದರೆ ಮಿರುಗುವ ಪುಡಿಗಳಲ್ಲಿ, ಹೊಂಬಣ್ಣದ ಹಾಳೆಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ತಡೆ ಬಂತು. ಚೀಲವನ್ನು ಬಿಟ್ಟು, ಪ್ಲಾಸ್ಟಿಕ್ಕನ್ನೇ ಮೆತ್ತಿದ ಬುಟ್ಟಿಯನ್ನು ಹಿಡಿದರೆ ಏನನ್ನು ಸಾಧಿಸಿದಂತಾಯಿತು? ಕೆಮ್ಮಣ್ಣು, ಸುಣ್ಣ, ಅರಿಸಿನ, ಹಳೆಯ ಸೀರೆಯ ಅಂಚು, ಇಷ್ಟರಿಂದಲೇ ಬೇಕಾದಷ್ಟು ಚೆಲುವನ್ನು ತರಬಹುದು. ಅಂಗಳದಲ್ಲಿ ರಂಗೋಲಿ ಬಿಡಬಲ್ಲ ಕೈಗೆ ಬುಟ್ಟಿಯ ಮೈ ದೊಡ್ಡದಲ್ಲ.

ಎಚ್ಚರಿಕೆಯ ಮಾತೊಂದು. ಅಚ್ಚಾದ ಕಾಗದದ ಮಸಿ ಹೊಟ್ಟೆಗೆ ಹೋಗಬಾರದು. ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದು 2018ರ ಆಹಾರ ಪ್ಯಾಕಿಂಗ್ ನಿಯಮಗಳೇ ಹೇಳುತ್ತವೆ. ಆದುದರಿಂದ ಎಳ್ಳುಬೆಲ್ಲವನ್ನು ತುಂಬುವ ಬುಟ್ಟಿಗೆ ಒಳಗಡೆ ಬಾಳೆಲೆಯನ್ನೋ ಮಡಿಬಟ್ಟೆಯನ್ನೋ ಹಾಸಬೇಕು. ಅಜ್ಜಿಯ ಬುಟ್ಟಿಯಲ್ಲಿಯೂ ಕಾಳಿನ ಕೆಳಗೆ ಬಿಳಿಯ ಪಂಚೆಯ ತುಂಡು ಇತ್ತು. ನಾವು ಅದನ್ನೂ ನೋಡಿರಲಿಲ್ಲ.

ಕಾರ್ಡುಗಳ ವಿಷಯದಲ್ಲಿ ನಮ್ಮ ತೀರ್ಪು ಅಷ್ಟು ಕೆಟ್ಟದಾಗಿರಲಿಲ್ಲ. ಆದರೆ ಅಲ್ಲಿದ್ದ ಕಾರ್ಡುಗಳಲ್ಲಿ ಅರ್ಧಕ್ಕೆ ಅರ್ಧ ಮಡಿಕೆಯ ಬಳಿ ಬಿರಿದಿದ್ದುವು. ಮರಕ್ಕಿರುವಂತೆ ಕಾಗದಕ್ಕೂ ಎಳೆಯ ದಿಕ್ಕು ಉಂಟು. ವೃತ್ತಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೆಟ್ಟಗೆ ಹರಿಯುತ್ತದೆ. ಅಡ್ಡಲಾಗಿ ಹರಿದರೆ ಹಾವಿನಂತೆ ಓಡುತ್ತದೆ. ದಪ್ಪ ಕಾಗದವನ್ನು ಎರಡು ಕಡೆಗೂ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆಗೆ ಸುಲಭವಾಗಿ ಬಾಗುವುದೋ ಆ ಕಡೆಗೇ ಮಡಿಸಬೇಕು. ಮಡಿಸುವ ಮೊದಲು ಚಾಕುವಿನ ಬೆನ್ನಿನಿಂದ ಗೆರೆಯೆಳೆದರೆ ಮಡಿಕೆ ಕನ್ನಡಿಯಂತೆ ಬರುತ್ತದೆ. ಅಂಟು ಹಚ್ಚಿದ ಮೇಲೆ ದಪ್ಪ ನಿಘಂಟೊಂದರ ಕೆಳಗೆ ಒಂದು ರಾತ್ರಿ ಇಡಿ. ನಿಘಂಟಿಗೂ ಅದರಿಂದ ಒಂದು ಉಪಯೋಗವಾಗುತ್ತದೆ.

ಕಾರ್ಡು ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಹೊಸ ಆಟಗಳನ್ನು ಕಲ್ಪಿಸಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವಿವರಿಸಿದರು. ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಅಂಟಿಸಿ, ಒಂದೊಂದು ಎಲೆಯ ಮೇಲೂ ಕೈಯಿಂದ ಚಿತ್ರ ಬರೆದ ಆ ಎಲೆಗಳ ಮುಂದೆ ನಮ್ಮ ಕಾರ್ಡುಗಳು ಮಕ್ಕಳಾಟವೇ ಸರಿ. ಆದರೆ ನಮಗೆ ಹೆಚ್ಚು ಹತ್ತಿರದ ಮಾದರಿ ಬೇರೊಂದಿದೆ. ಅದು ಕಡತ. ಈಗ ಕಚೇರಿಯ ಕಾಗದದ ಕಟ್ಟಿಗೆ ಕಡತವೆನ್ನುತ್ತೇವೆ. ಹಿಂದೆ ಅದು ನಿಜವಾಗಿ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಕೆ ಹಾಕಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ಪತ್ರ, ಎಲ್ಲವೂ ಈ ಕರಿಯ ಹಾಳೆಯ ಮೇಲೆ ಬೆಳ್ಳಗೆ ನಿಲ್ಲುತ್ತಿತ್ತು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಾಗಿತ್ತು.

ಕಳೆದ ಸಂಕ್ರಾಂತಿಗೆ ನಾವು ಕಡತದ ಕಾರ್ಡುಗಳನ್ನು ಮಾಡಿದೆವು. ಹಳೆಯ ಪಂಚೆಯ ಗೇಣಗಲದ ತುಂಡುಗಳಿಗೆ ಎರಡು ಕಡೆಯೂ ಕಪ್ಪು ಸರಿಯನ್ನು ಬಳಿದು, ಒಣಗಿದ ಮೇಲೆ ನುಣುಪುಗಲ್ಲಿನಿಂದ ಉಜ್ಜಿ, ನಾಲ್ಕು ಮಡಿಕೆ ಮಾಡಿ, ಬಳಪದಿಂದ ಒಂದೊಂದು ಸಾಲು ಬರೆದು ಲಕೋಟೆಯಲ್ಲಿಟ್ಟೆವು. 1879ರಲ್ಲಿ ಕಾಲಾಣೆಯ ಅಂಚೆಕಾರ್ಡು ನಮ್ಮ ದೇಶಕ್ಕೆ ಬಂದಂದಿನಿಂದ ಮನೆಮನೆಗೂ ಇದ್ದ, ಕೈಬರಹದಲ್ಲಿ ಕ್ಷೇಮ ತಿಳಿಸುವ ಅಭ್ಯಾಸ ಈಗ ದೂರವಾಣಿಯ ಚಿತ್ರಸಂದೇಶಗಳಲ್ಲಿ ಕರಗುತ್ತಿದೆ. ಬೆಳಿಗ್ಗೆ ಬಂದ ನಲವತ್ತು ಸಂದೇಶಗಳಲ್ಲಿ ಯಾರದು ಯಾವುದೆಂಬುದು ಸಂಜೆಗೆ ನಮಗೆ ನೆನಪಿರುವುದಿಲ್ಲ. ತಂಗಿ ಬರೆದ ಕೋಳಿಕಾಲಿನ ಅಕ್ಷರ ಮಾತ್ರ ಇಪ್ಪತ್ತು ವರ್ಷಗಳ ಮೇಲೂ ಅವಳದೇ.

ಮೊದಲ ಕಾರ್ಡನ್ನು ಗಂಗಾನಗರದ ಅಜ್ಜಿಗೆ ನಾವೇ ಒಯ್ದು ಕೊಟ್ಟೆವು. ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಮಡಿಕೆಯನ್ನು ಬಿಚ್ಚಿ ಮುಚ್ಚಿ ನೋಡಿದರು. ನಾವು ಬರೆದ ಶುಭಾಶಯವನ್ನು ಮೊಮ್ಮಗಳಿಂದ ಓದಿಸಿ ಕೇಳಿದರು. “ಚಲೋ ಆಗೈತಿ” ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ನಮಗೆ ಮೊದಲ ಬಹುಮಾನ.

ಹದಿನೈದು ದಿನ ಕಳೆದು ಮತ್ತೆ ಹೋದಾಗ ಅಡುಗೆಮನೆಯ ಗೋಡೆಯ ಮೊಳೆಗೆ ನಮ್ಮ ಕಾರ್ಡು ತೂಗುತ್ತಿತ್ತು. ಶುಭಾಶಯವನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆದಿದ್ದರು. ಆ ಜಾಗದಲ್ಲಿ ಮೊಮ್ಮಗಳ ಕೈಬರಹದಲ್ಲಿ ಆ ತಿಂಗಳ ಹಾಲಿನ ಲೆಕ್ಕವಿತ್ತು. ಅದರ ಕೆಳಗೆ, ಕಡಲೆ ತುಂಬಿದ ಬೂದಿಬಣ್ಣದ ಬುಟ್ಟಿ.