ವಿನಿಮಯದ ವೀಸಾ, ಹೋಟೆಲಿನ ಕೆಲಸ

ಹೋದ ವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಹಾ ಕುಡೀತಾ ನಿಂತಿದ್ದೆ. ಟಿವಿಯಲ್ಲಿ ನೋಡಿದ ಗುರುತು ಹಿಡಿದು ಹಿರಿಯರೊಬ್ಬರು ಮಾತಾಡಿಸಿದರು. ಧಾರವಾಡ ಕಡೆಯವರು, ಒಕ್ಕಲುತನ. "ಸರ್ರ, ಹುಡುಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಾಕತ್ತಾನ. ಅಮೆರಿಕಾಕ್ಕ ಒಂದ್ ವರ್ಷ ಕಳಸ್ತೀವಿ, ಸಾಂಸ್ಕೃತಿಕ ವಿನಿಮಯ ಅಂತಾರ. ರೊಕ್ಕ ಭಾಳ ಕೇಳ್ಯಾರ. ಹೊಲದ ಮ್ಯಾಲೆ ಸಾಲ ತಗೀಬೇಕು. ಕಳಸ್ಲೇನ್ರೀ?"

ಇಂಥ ಮನೆಗಳು ಅವಳಿ ನಗರದಲ್ಲಿ ಇನ್ನೂ ಇವೆ. ಅದಕ್ಕೇ ಇವತ್ತು ಈ ಮಾತು.

ಮೊದಲಿಗೆ, ಯೋಜನೆಯೇ ಸುಳ್ಳಲ್ಲ. ಜೆ-1 ಅನ್ನೋ ವೀಸಾ ಇದೆ. ಅಮೆರಿಕದ ಸಂಸತ್ತು 1961ರಲ್ಲಿ ಮಾಡಿದ ಫುಲ್‌ಬ್ರೈಟ್-ಹೇಯ್ಸ್ ಕಾಯ್ದೆ ಅದರ ಬುಡ. ಅದಕ್ಕೂ ಎರಡು ವರ್ಷ ಮೊದಲು, ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ನೆರವಿನಲ್ಲೇ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ವಿನಿಮಯದಿಂದ ಕನ್ನಡಕ್ಕೆ ಏನು ಬಂತು ಅನ್ನೋದು ನಿಮಗೇ ಗೊತ್ತು. ಇವತ್ತು ಅದೇ ವಿನಿಮಯದ ಹೆಸರಲ್ಲಿ ಪ್ರೊಫೆಸರೂ ಹೋಗ್ತಾರೆ, ಹೋಟೆಲಿನ ಅಡುಗೆಮನೆಗೆ ಹುಡುಗನೂ ಹೋಗ್ತಾನೆ. ಪೇಚು ಇರೋದು ಇಲ್ಲೇ. ಹುಡುಗ ಕಲಿಯೋಕೆ ಅಂತ ಹೋಗ್ತಾನೆ, ಅಲ್ಲಿನ ಮಾಲೀಕನಿಗೆ ಬೇಕಾಗಿರೋದು ದುಡಿಯೋ ಕೈ.

2011ರ ಆಗಸ್ಟ್. ಪೆನ್ಸಿಲ್ವೇನಿಯಾದ ಪಾಲ್ಮೈರಾ ಅನ್ನೋ ಊರು. ಹರ್ಷೀಸ್ ಚಾಕೊಲೇಟ್ ಪ್ಯಾಕ್ ಮಾಡುವ ಗೋದಾಮಿನಿಂದ ವಿದೇಶಿ ವಿದ್ಯಾರ್ಥಿಗಳು ಕೆಲಸ ಬಿಟ್ಟು ಹೊರಗೆ ಬಂದು ಬೀದಿಯಲ್ಲಿ ನಿಂತರು. ಬೇಸಿಗೆ ರಜೆಯಲ್ಲಿ ದುಡಿದು, ದೇಶ ನೋಡಿ ಬರಲಿ ಅಂತ ಇರುವ ಜೆ-1 ವೀಸಾದ ಮೇಲೆ ಬಂದ ಮಕ್ಕಳು. ಸಾವಿರಾರು ಡಾಲರ್ ಕಟ್ಟಿ ಬಂದವರು ಭಾರದ ಪೆಟ್ಟಿಗೆ ಎತ್ತುತ್ತಿದ್ದರು, ಕೆಲವರಿಗೆ ರಾತ್ರಿ ಪಾಳಿ. ಮನೆಬಾಡಿಗೆ ಕಡಿದುಕೊಂಡ ಮೇಲೆ ಕೈಗೆ ಬರ್ತಿದ್ದದ್ದು ಅಷ್ಟಕ್ಕಷ್ಟೆ. ಆಮೇಲೆ 2012ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಆ ಯೋಜನೆಯ ನಿಯಮ ಬಿಗಿ ಮಾಡಿತು. ಗೋದಾಮು, ಕಾರ್ಖಾನೆ ಕೆಲಸಕ್ಕೆ ಹಾಕೋ ಹಾಗಿಲ್ಲ ಅಂತು. ಯಾರೂ ಬೀದಿಗೆ ಇಳಿಯದೇ ಇದ್ದಿದ್ದರೆ ಈ ನಿಯಮ ಬರ್ತಿತ್ತಾ? ನನಗಂತೂ ಅನುಮಾನ.

ನಮ್ಮ ಹಿರಿಯರ ಮಗನದು ಬೇರೆ ಬಾಬತ್ತು, ಇಂಟರ್ನ್. ಅದಕ್ಕೆ ಡಿಎಸ್-7002 ಅಂತ ಒಂದು ನಮೂನೆ ಇದೆ, ತರಬೇತಿಯ ಯೋಜನೆ. ಹುಡುಗ ಯಾವ ವಿಭಾಗದಲ್ಲಿ, ಯಾರ ಕೈಕೆಳಗೆ, ಏನು ಕಲೀತಾನೆ ಅಂತ ಅದರಲ್ಲಿ ಬರೆದಿರಬೇಕು. ಹೋಟೆಲ್ ತರಬೇತಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ ಮೂರು ವಿಭಾಗಗಳಲ್ಲಿ ತಿರುಗಿಸಬೇಕು. ಗುಮಾಸ್ತಿಕೆ ಕೆಲಸ ಶೇಕಡಾ 20 ದಾಟಬಾರದು. ಕೌಶಲ ಬೇಡದ ಬರೀ ಮೈಗೆಲಸಕ್ಕೆ ಹಚ್ಚೋ ಹಾಗಿಲ್ಲ. ಅಂದರೆ ವರ್ಷಪೂರ್ತಿ ಹಾಸಿಗೆ ಹೊದಿಕೆ ಬದಲಿಸೋ ಕೆಲಸವನ್ನೇ ಕೊಟ್ಟರೆ ಅದು ತರಬೇತಿ ಅಲ್ಲ. ಇದು ನನ್ನ ಅಭಿಪ್ರಾಯ ಅಲ್ರೀ, ಅವರದೇ ನಿಯಮ.

ಆದರೆ ಹೊಲದ ಮೇಲೆ ಸಾಲ ಇರೋ ಹುಡುಗ ಅಲ್ಲಿ ಬಾಯಿ ಬಿಡ್ತಾನಾ? ಕೆಲಸ ಹೋದರೆ ವೀಸಾ ಹೋಯ್ತು, ವೀಸಾ ಹೋದರೆ ಊರಿಗೆ ಬರಬೇಕು, ಬಂದರೆ ಸಾಲ ಕಟ್ಟೋರು ಯಾರು ಅಂತ ನುಂಗಿಕೊಂಡು ಇರ್ತಾನೆ. ಕೆಟ್ಟ ಮಾಲೀಕನಿಗೆ ಬೇಕಾಗಿರೋದೂ ಇದೇ ಭಯ. ವೀಸಾ ಸಂದರ್ಶನದ ವೇಳೆ ಅವನ ಹಕ್ಕುಗಳ ಒಂದು ಕಿರುಪುಸ್ತಕ ಕೊಡ್ತಾರೆ, ಸಹಾಯಕ್ಕೆ ಫೋನ್ ನಂಬರ್ ಅದರಲ್ಲೇ ಇರುತ್ತೆ. ಎಷ್ಟೋ ಮಕ್ಕಳು ಅದನ್ನ ಸೂಟ್‌ಕೇಸಿನ ತಳಕ್ಕೆ ಹಾಕಿಬಿಡ್ತಾರೆ. ಅದರ ಒಂದು ಪ್ರತಿ ಮನೆಯಲ್ಲೂ ಇರಲಿ.

ಹಿರಿಯರೇ, ಕಳಿಸಬೇಡಿ ಅಂತ ನಾನು ಹೇಳಲ್ಲ. ಹುಡುಗ ಹೋಗಲಿ, ನಾಲ್ಕು ಜನರ ನಡುವೆ ಬೆಳೀಲಿ. ಹೊಲದ ಪತ್ರ ಬ್ಯಾಂಕಿಗೆ ಒಯ್ಯೋ ಮೊದಲು ಏಜೆಂಟರ ಎದುರು ಕೂತು, ಡಿಎಸ್-7002 ತೋರಿಸ್ರಿ ಅನ್ನಿ. ಮಗನಿಂದಲೇ ಓದಿಸಿ. ವಾರಕ್ಕೆ ಎಷ್ಟು ಗಂಟೆ, ಗಂಟೆಗೆ ಎಷ್ಟು, ಬಾಡಿಗೆ ಎಷ್ಟು ಕಡಿತಾರೆ, ಅಲ್ಲೇ ಲೆಕ್ಕ ಹಾಕಿ. "ವೀಸಾ ಆದ ಮ್ಯಾಲೆ ತೋರಸ್ತೀವಿ" ಅಂದರೆ ಎದ್ದು ಬನ್ನಿ. ಆ ನಮೂನೆ ವೀಸಾ ಸಂದರ್ಶನಕ್ಕೆ ಹೋಗುವಾಗಲೇ ಕೈಯಲ್ಲಿ ಇರಬೇಕಾದ್ದು.