ದ್ರಾಕ್ಷಿಯ ಕಣ್ಣು, ಕೂಲಿಯವನ ಕೈ

(ಅಣ್ಣಿಗೇರಿ ತಾಲೂಕಿನ ಮಠವೊಂದರ ಶಿವಾನುಭವ ಗೋಷ್ಠಿಯಲ್ಲಿ ರೈತರೊಬ್ಬರು ಆಡಿದ ಮಾತು)

 

ದ್ರಾಕ್ಷಿ ಹೇಗೆ ಬೆಳೆಯುತ್ತಾರೆ ಎಂದು ಹೇಳಲು ಪೂಜ್ಯರ ಅಪ್ಪಣೆಯಾಗಿದೆ. ಅಣ್ಣಿಗೇರಿ, ನವಲಗುಂದದ ಕಡೆ ನಮ್ಮದು ಎರೆ ಹೊಲ. ಕಡಲೆ, ಹೆಸರು, ಹತ್ತಿ, ಮೆಣಸಿನಕಾಯಿ ನಮಗೆ ಗೊತ್ತು. ದ್ರಾಕ್ಷಿಯ ಸೀಮೆ ಎಂದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಬೆಳಗಾವಿ ಜಿಲ್ಲೆಯ ಅಥಣಿ. ನಾನು ಮೂರು ಹಂಗಾಮು ತಿಕೋಟಾದ ಕಡೆ ಕೂಲಿ ಮಾಡಿ, ಕೆಲಸ ಕಲಿತು ಬಂದು, ಒಂದು ಎಕರೆ ಹಚ್ಚಿದವನು.

ಎರೆ ಮಣ್ಣು ನೀರು ಹಿಡಿದಿಡುತ್ತದೆ. ದ್ರಾಕ್ಷಿಯ ಬೇರಿಗೆ ನಿಂತ ನೀರು ಆಗದು. ತಗ್ಗಿನಲ್ಲಿ ಹಚ್ಚಿದ್ದ ನಾಲ್ಕು ಸಾಲು ಒಂದೇ ಮಳೆಗಾಲಕ್ಕೆ ಕೊಳೆತು ಹೋದವು. ಆಮೇಲೆ ಏರುಮಡಿ ಮಾಡಿ, ಬಸಿಗಾಲುವೆ ತೆಗೆದು, ಡಾಗ್‌ರಿಜ್ ಬೇರಿನ ಸಸಿಗೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟಿದೆ. ಆ ಬೇರು ಸವಳು ನೀರನ್ನೂ ಬರವನ್ನೂ ತಕ್ಕಮಟ್ಟಿಗೆ ತಾಳುತ್ತದೆ.

ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಅದಕ್ಕೆ ಚಾಟ್ನಿ ಅನ್ನುತ್ತಾರೆ. ಹಣ್ಣು ಕೊಯ್ದ ಮೇಲೆ ಏಪ್ರಿಲ್‌ನಲ್ಲಿ ಒಂದೊಂದು ಕಣ್ಣು ಬಿಟ್ಟು ಕಡ್ಡಿ ಕತ್ತರಿಸುತ್ತೇವೆ. ಹೊಸದಾಗಿ ಬಂದ ಕಡ್ಡಿಯ ಕಣ್ಣೊಳಗೆ ಸುಮಾರು 40ರಿಂದ 60 ದಿನದಲ್ಲಿ ಮುಂದಿನ ಗೊನೆ ಕೂಡುತ್ತದೆ. ಹೊರಗೆ ಏನೂ ಕಾಣದು. ಆಗ ಬಿಸಿಲು, ನೀರು, ಗೊಬ್ಬರ ತಪ್ಪಿದರೆ ಆಮೇಲೆ ಎಷ್ಟು ದುಡಿದರೂ ಗೊನೆ ಬಾರದು. ಅಕ್ಟೋಬರ್‌ನ ಚಾಟ್ನಿ ಫಲಕ್ಕಾಗಿ. ಕಡ್ಡಿಯ ಬಲ ನೋಡಿ ಆರೋ ಎಂಟೋ ಕಣ್ಣು ಬಿಡುತ್ತೇವೆ. ಅಲ್ಲಿಂದ ನಾಲ್ಕು ತಿಂಗಳ ಮೇಲೆ ಹಣ್ಣು. ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ. ಅಕ್ಟೋಬರ್ ಚಾಟ್ನಿಯ ಬೆನ್ನಿಗೇ, ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲಿ ಎಂದು, ಹೈಡ್ರೋಜನ್ ಸೈನಮೈಡ್ ಎಂಬ ಔಷಧವನ್ನು ಒಂದೊಂದು ಕಣ್ಣಿಗೂ ಹಚ್ಚುತ್ತೇವೆ. ಒಂದು ವರ್ಷ ಆ ಕೆಲಸಕ್ಕೆ ಊರಿನ ಒಬ್ಬ ಹುಡುಗನನ್ನು ಕರೆದೆ. ದಿನವಿಡೀ ಬರಿಗೈಯಲ್ಲಿ ಹಚ್ಚಿದ. ಸಂಜೆ ಕೂಲಿ ಇಸಿದುಕೊಂಡು ಹೋಗಿ ಕುಡಿದ. ರಾತ್ರಿ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಉಸಿರು ಸಿಗದಂತಾಯಿತು. ದವಾಖಾನೆಗೆ ಒಯ್ದೆವು. ಅಗಸಿಯಲ್ಲಿ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: “ಕುಡುಕ, ಮಾಡಿದ್ದುಣ್ಣೋ ಮಾರಾಯ.”

ಡಾಕ್ಟರು ಔಷಧದ ಡಬ್ಬಿ ತರಿಸಿದರು. ಈ ಔಷಧ ಮೈಗೆ ಸೇರಿದಾಗ ಸೆರೆ ಕುಡಿದರೆ ಹೀಗೇ ಆಗುತ್ತದೆ, ಹಚ್ಚುವ ಮೊದಲೂ ಹಚ್ಚಿದ ಮೇಲೂ ಕೆಲವು ದಿನ ಮುಟ್ಟಬಾರದು ಎಂದರು. ಕೈಗೆ ಗ್ಲೌಸ್ ಇತ್ತೇ ಎಂದು ಕೇಳಿದರು. ಇರಲಿಲ್ಲ. ಹುಡುಗನಿಗೆ ಓದು ಬಾರದು. ನನಗೆ ಬರುತ್ತಿತ್ತು, ನಾನು ಓದಿರಲಿಲ್ಲ.

ಹುಡುಗ ಉಳಿದ. ಆದರೆ ಅವನ ಚಟವನ್ನು ನನ್ನ ತಪ್ಪಿಗೆ ಮುಸುಕು ಮಾಡಿಕೊಂಡೆನಲ್ಲ, ಅದು ಹೋಗಲಿಲ್ಲ. ಕುಡಿತ ಬಿಡಿರೆಂದು ಈ ಮಠದಲ್ಲಿ ನಾವು ಹೇಳುತ್ತೇವೆ, ಹೇಳಲೇಬೇಕು. ಆದರೆ ವಿಷ ಕೊಟ್ಟ ಕೈ ನಮ್ಮದಾಗಿದ್ದಾಗ ಮೊದಲು ಆ ಕೈ ತೊಳೆದುಕೊಳ್ಳಬೇಕು. ಅವನ ತಾಯಿಯ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ, “ಅಗಸ್ಯಾಗ ಹೇಳಿದಿ, ಅಗಸ್ಯಾಗೇ ಒಪ್ಪಿಕೊ ಯಪ್ಪಾ” ಅಂದಳು. ಹಾಗೆಯೇ ಮಾಡಿದೆ.

ಈಗ ಔಷಧ ಹಚ್ಚುವ ಮುಂಜಾನೆ ಡಬ್ಬಿಯ ಚೀಟಿಯಲ್ಲಿರುವುದನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳುತ್ತೇನೆ. ಗ್ಲೌಸ್, ಸಾಬೂನು, ನೀರು ಬದುವಿನ ಮೇಲಿರುತ್ತವೆ. ಕುಡಿದದ್ದನ್ನು ಹೇಳಿದವನಿಗೆ ಬೇರೆ ಕೆಲಸ, ಅದೇ ಕೂಲಿ. ಕೂಲಿ ಕಡಿದರೆ ಯಾರೂ ನಿಜ ಹೇಳುವುದಿಲ್ಲ.

ಒಳ್ಳೆಯ ಗೊನೆ ತೆಗೆದವನನ್ನು ಕಾಯಕಯೋಗಿ ಎಂದು ಶಾಲು ಹೊದಿಸುತ್ತೇವೆ. ಮುಂದಿನ ಸಲ ಶಾಲು ಹೊದಿಸುವ ಮುನ್ನ, ಅವನ ತೋಟದಲ್ಲಿ ಔಷಧ ಹಚ್ಚಿದ ಕೈಗಳು ಹೇಗಿವೆ ಎಂದು ಒಮ್ಮೆ ನೋಡಿ ಬನ್ನಿ.