ನಿಲ್ಲಿಸಲು ಬಂದವನೇ ಡ್ರೈವರ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಹಿರಿಯ ಲಾರಿ ಚಾಲಕರೊಬ್ಬರು ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಡಾಕ್ಟರು, ಇಂಜಿನಿಯರು, ಬ್ಯಾಂಕಿನವರು. ಹೆಡ್‌ಮಾಸ್ಟರು "ನೀವೂ ನಾಲ್ಕು ಮಾತಾಡಿ, ಲಾರಿ ವಿಷಯವೇ ಆಗಲಿ" ಎಂದರು. ನಾನು ಇಲ್ಲಿ ಹತ್ತನೇ ತರಗತಿಯವರೆಗೆ ಓದಿ, ಆಮೇಲೆ ಕ್ಲೀನರ್ ಆಗಿ, ಡ್ರೈವರ್ ಆಗಿ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಚಾರ್ಮಾಡಿ ಹತ್ತಿ ಇಳಿದವನು. ನನಗೆ ಗೊತ್ತಿರುವುದು ಅದೊಂದೇ. ಅದನ್ನೇ ಹೇಳುತ್ತೇನೆ.

ಮೊದಲು ಗಾಡಿಗಳ ವಿಷಯ. ನಮಗಿಂತ ಹಿರಿಯರು ಓಡಿಸಿದ್ದು ಫಾರ್ಗೊ, ಡಾಡ್ಜ್, ಬೆಡ್‌ಫೋರ್ಡ್. ಟಾಟಾದವರು 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದರು. 1969ರ ಹೊತ್ತಿಗೆ ಆ ಒಪ್ಪಂದ ಮುಗಿಯಿತು. ಆದರೂ ಹಳಬರ ಬಾಯಲ್ಲಿ ಅದು ಟಾಟಾ ಬೆಂಜ್ ಆಗಿಯೇ ಉಳಿಯಿತು. ನನ್ನ ಕೈಗೆ ಸಿಕ್ಕಿದ್ದು ಟಾಟಾ 1210. ಹನ್ನೆರಡು ಎಂದರೆ ಲೋಡು ಸೇರಿ ಗಾಡಿಯ ಒಟ್ಟು ತೂಕ 12 ಟನ್. ಹತ್ತು ಎಂದರೆ ಇಂಜಿನ್ನಿಗೆ ನೂರರ ಆಸುಪಾಸು ಅಶ್ವಶಕ್ತಿ. ಹೊರಗೆ ನಿಲ್ಲಿಸಿ ಬಂದಿದ್ದೀರಲ್ಲ, ಆ ಕಾರುಗಳಲ್ಲಿ ಕೆಲವಕ್ಕೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇದೆ. ಅಷ್ಟರಲ್ಲಿ ನಾವು ಹನ್ನೆರಡು ಟನ್ ಎಳೆದುಕೊಂಡು ಘಟ್ಟ ಹತ್ತಬೇಕಿತ್ತು.

ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಕ್ಯಾಬಿನ್ನು, ಬಾಡಿ ಎಲ್ಲ ಮರದ ಕೆಲಸದವರು ಕಟ್ಟುತ್ತಿದ್ದರು. ಪವರ್ ಸ್ಟೇರಿಂಗ್ ಇಲ್ಲ. ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು, ಮೈಭಾರ ಹಾಕಿ ಸ್ಟೇರಿಂಗ್ ಎಳೆಯಬೇಕು. ಇಂಜಿನ್ನಿನ ಶಾಖ ನೇರ ಕಾಲಿಗೆ. ಕೊಟ್ಟಿಗೆಹಾರದ ಚಳಿಯಲ್ಲಿ ಅದೇ ಸುಖ, ಬಂಟ್ವಾಳ ತಲುಪಿದರೆ ಅದೇ ನರಕ. ಗೇರು ಬದಲಿಸಲು ಡಬಲ್ ಕ್ಲಚ್ ಬೇಕು. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಇಂಜಿನ್ನಿನ ಸದ್ದು ಕಿವಿಗೆ ಸರಿಯಾಗಿ ಬಿದ್ದರೆ ಗೇರು ಬೆಣ್ಣೆಯಲ್ಲಿ ಕೂತ ಹಾಗೆ ಕೂರುತ್ತದೆ. ತಪ್ಪಿದರೆ ಕರಕರ ಎಂದು ಕೂರುವುದೇ ಇಲ್ಲ. ಇಳಿಜಾರಿನಲ್ಲಿ ಹಾಗಾದರೆ ಗಾಡಿಗೆ ಗೇರೂ ಇಲ್ಲ, ಹಿಡಿತವೂ ಇಲ್ಲ.

ನನಗೆ ಕೆಲಸ ಕಲಿಸಿದವರು ಬೆಳ್ತಂಗಡಿ ಕಡೆಯ ಒಬ್ಬ ಹಿರಿಯ ಬ್ಯಾರಿ ಡ್ರೈವರ್. ನಾವೆಲ್ಲ ಅವರನ್ನು 'ಕಾಕ' ಎನ್ನುತ್ತಿದ್ದೆವು. ಅವರು ಎರಡು ವರ್ಷ ನನಗೆ ಸ್ಟೇರಿಂಗ್ ಕೊಡಲಿಲ್ಲ. ಕೇಳಿದರೆ, "ಓಡಿಸುವುದು ಮಂಗನಿಗೂ ಕಲಿಸಬಹುದು ಮಾರಾಯ. ನಿಲ್ಲಿಸಲು ಬಂದವನೇ ಡ್ರೈವರ್. ಮೊದಲು ಅದನ್ನು ನೋಡಿ ಕಲಿ" ಎನ್ನುತ್ತಿದ್ದರು.

ಅವರ ಪಾಠ ಮೂರೇ. ಒಂದು, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು ಕೆಂಡವಾಗುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಎರಡು, ಇಳಿಯುವವನು ನಿಲ್ಲಬೇಕು, ಹತ್ತುವವನಿಗೆ ದಾರಿ ಬಿಡಬೇಕು. ಇದು ಕಾನೂನಿನಲ್ಲೂ ಇದೆ. 1989ರ ರಸ್ತೆ ನಿಯಮಗಳಲ್ಲಿ ಕಿರಿದಾದ ಬೆಟ್ಟದ ರಸ್ತೆಗೆ ಹೀಗೆಯೇ ಬರೆದಿತ್ತು. ಹತ್ತುವ ಲಾರಿ ಒಮ್ಮೆ ನಿಂತರೆ ತುಂಬಿದ ಭಾರದಲ್ಲಿ ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಎಂದು ಹತ್ತಿದವನಿಗೇ ಗೊತ್ತು. ಮೂರು, ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ತಪ್ಪದೆ ನಿಲ್ಲಿಸು. ಎಲ್ಲ ಡ್ರೈವರುಗಳೂ ಅಲ್ಲಿ ಕಾಣಿಕೆ ಹಾಕಿ ಮುಂದೆ ಹೋಗುತ್ತಿದ್ದರು, ಕಾಕನೂ ಹಾಕುತ್ತಿದ್ದರು. ನಿಂತ ಹೊತ್ತಿನಲ್ಲಿ ನಾನು ಆರೂ ಚಕ್ರದ ಹತ್ತಿರ ಬಗ್ಗಿ ಅಂಗೈ ಹಿಂಭಾಗದಲ್ಲಿ ಶಾಖ ನೋಡಬೇಕಿತ್ತು. ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಬಿಸಿ ಇದ್ದರೆ ಅದು ಆರುವವರೆಗೆ ಗಾಡಿ ಅಲ್ಲಾಡುತ್ತಿರಲಿಲ್ಲ.

ಕ್ಲೀನರ್ ಎಂದರೆ ಗಾಡಿ ಒರೆಸುವವನು ಎಂದುಕೊಂಡಿದ್ದೀರಿ. ಹತ್ತುವಾಗ ಗಾಡಿ ನಿಂತರೆ ಅದು ಹಿಂದೆ ಜಾರುವ ಮೊದಲೇ ಹಾರಿ ಚಕ್ರಕ್ಕೆ ಮರದ ತುಂಡು ಕೊಡುವವನು ಅವನು. ರೇಡಿಯೇಟರ್ ಕುದಿದರೆ ಝರಿಯಿಂದ ನೀರು ತರುವವನು, ಜುಲೈ ತಿಂಗಳ ಮಂಜಿನಲ್ಲಿ ಟಾರ್ಚ್ ಹಿಡಿದು ಗಾಡಿಯ ಮುಂದೆ ನಡೆಯುವವನು, ಟಾರ್ಪಾಲಿನ ಹಗ್ಗ ಬಿಗಿಯುವವನು ಎಲ್ಲ ಅವನೇ. ಡ್ರೈವರಿಗೆ ಬಾಟಾ ಇತ್ತು, ಲೈಸೆನ್ಸ್ ಇತ್ತು. ಕ್ಲೀನರ್ ಹುಡುಗನ ಹೆಸರು ಯಾವ ಕಾಗದದಲ್ಲೂ ಇರುತ್ತಿರಲಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಕಾಫಿಯ ಸೀಸನ್ನು. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂತು. ಅಲ್ಲಿಯವರೆಗೆ ಪಾರ್ಚ್‌ಮೆಂಟು, ಚೆರಿ ಎಲ್ಲ ಮೂಟೆಗಳೂ ಚಿಕ್ಕಮಗಳೂರು, ಹಾಸನ, ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಸಾಲುಗಟ್ಟಿ ಹೋಗುತ್ತಿದ್ದವು. ಮೂಟೆಗೆ ನೀರು ತಾಗಿದರೆ ಒಂದು ವರ್ಷದ ಬೆಳೆಯ ಬೆಲೆಯೇ ಇಳಿಯುತ್ತದೆ, ಹಾಗಾಗಿ ಟಾರ್ಪಾಲಿನಲ್ಲಿ ಒಂದು ತೂತು ಇದ್ದರೂ ಕಾಕ ಲೋಡು ಹಾಕಿಸುತ್ತಿರಲಿಲ್ಲ. ಬರುವಾಗ ಉಪ್ಪು, ಗೊಬ್ಬರ, ಸಿಮೆಂಟು, ಮಂಗಳೂರು ಹಂಚು. ಹಂಚಿನ ನಡುವೆ ಹುಲ್ಲು ಇಟ್ಟು, ಕುಲುಕದ ಹಾಗೆ ನಡಿಗೆಯ ವೇಗದಲ್ಲಿ ಬರಬೇಕು. ನಮ್ಮ ಹಳೆ ಕಟ್ಟಡದ ಮೇಲಿರುವುದೂ ಘಟ್ಟ ಹತ್ತಿ ಬಂದ ಹಂಚೇ.

1976ರಲ್ಲಿ ಕುದುರೆಮುಖ ಕಂಪನಿ ಶುರುವಾದಾಗ ಕಳಸದ ಕಡೆಗೆ ಸಿಮೆಂಟು, ಕಬ್ಬಿಣದ ಬಾಡಿಗೆ ಬಂತು. ದೊಡ್ಡ ಯಂತ್ರಗಳು ಮಂಗಳೂರು ಕಡೆಯಿಂದ ಹಲವು ಚಕ್ರಗಳ ಟ್ರೈಲರ್ ಮೇಲೆ ಬರುತ್ತಿದ್ದವು. ಅವು ತಿರುವು ದಾಟುವುದನ್ನು ನೋಡಲು ನಾವು ಗಾಡಿ ಬದಿಗೆ ಹಾಕಿ ನಿಲ್ಲುತ್ತಿದ್ದೆವು. ಮುಂದೊಬ್ಬ, ಹಿಂದೊಬ್ಬ, ಚಕ್ರದ ಬಳಿ ಇಬ್ಬರು, ಅಂಗುಲ ಅಂಗುಲವಾಗಿ. ಇನ್ನು ಅದಿರು ಸಾಗಿಸಿ ನಾವೆಲ್ಲ ಸಾಹುಕಾರರಾಗುತ್ತೇವೆ ಎಂದುಕೊಂಡೆವು. ಆದರೆ ಅದಿರು ಲಾರಿ ಹತ್ತಲೇ ಇಲ್ಲ. ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಹೋಯಿತು. 2005ರ ಕೊನೆಗೆ ಗಣಿಯೂ ನಿಂತಿತು.

ಇನ್ನು ಮರದ ಲೋಡು. ಇದನ್ನು ಹೇಳಲೆಂದೇ ನಾನು ಇಲ್ಲಿ ನಿಂತದ್ದು. ದಿಮ್ಮಿ ಮೂಟೆಯ ಹಾಗಲ್ಲ, ಉರುಳುತ್ತದೆ. ಬ್ರೇಕ್ ಹಾಕಿದರೆ ಗಾಡಿ ನಿಂತರೂ ದಿಮ್ಮಿ ನಿಲ್ಲುವುದಿಲ್ಲ, ಕ್ಯಾಬಿನ್ನಿನ ಮೇಲೆ ಬರುತ್ತದೆ. ಒಂದು ಟ್ರಿಪ್ಪಿಗೆ ಒಂದೂವರೆ ಟ್ರಿಪ್ಪಿನ ಮರ ಹಾಕುವುದು ಆಗ ಮಾಮೂಲಾಗಿತ್ತು. ಒಂದು ಮಳೆಗಾಲದ ಬೆಳಿಗ್ಗೆ ನಮ್ಮ ಮುಂದೆ ಹೋದ ಲಾರಿ ಹಾಗೆಯೇ ಹೋಯಿತು. ಡ್ರೈವರ್ ಬದುಕಿದ. ಕ್ಲೀನರ್ ಉಳಿಯಲಿಲ್ಲ. ಆ ಹುಡುಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಬಿಟ್ಟು ಬಂದವನು. ನನಗಿಂತ ಎರಡು ವರ್ಷ ಚಿಕ್ಕವನು. ಊರಿನ ಹಿರಿಯರಿಗೆ ಅವನ ನೆನಪಿದೆ.

ನಾನು ಡ್ರೈವರ್ ಆದ ಮೇಲೆ ನನಗೂ ಅಂಥದೇ ಲೋಡು ಬಂತು. ನಾಲ್ಕು ದಿಮ್ಮಿ ಇಳಿಸಿದರೆ ಮಾತ್ರ ಗಾಡಿ ಮುಟ್ಟುತ್ತೇನೆ ಎಂದೆ. ಮಾಲೀಕರು ಕೀಲಿ ವಾಪಸು ಕೇಳಿದರು, ಕೊಟ್ಟೆ. ಆ ಸೀಸನ್ ಪೂರ್ತಿ ತೋಟದಲ್ಲಿ ಕೂಲಿಗೆ ಹೋದೆ. ಮನೆಯಲ್ಲಿ ಬೈದರು. ಕಾಕನಿಗೆ ಸುದ್ದಿ ಮುಟ್ಟಿತು. ಕೊಟ್ಟಿಗೆಹಾರದಲ್ಲಿ ಸಿಕ್ಕಾಗ ನೀರುದೋಸೆ ತಿನ್ನಿಸಿ, "ಈಗ ನಿನಗೆ ನಿಲ್ಲಿಸಲು ಬಂತು" ಎಂದರು. ಲೈಸೆನ್ಸ್ ಸಿಕ್ಕ ದಿನಕ್ಕಿಂತ ಆ ದಿನ ನನಗೆ ದೊಡ್ಡದು.

ಈಗಿನ ಗಾಡಿಗಳಿಗೆ ಶಕ್ತಿ ದುಪ್ಪಟ್ಟು, ಚಕ್ರವೂ ದುಪ್ಪಟ್ಟು. ಆದರೆ ಬೆಟ್ಟ ಅದೇ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಅಲ್ಲಲ್ಲಿ ಕುಸಿದು, ಭಾರೀ ವಾಹನಗಳನ್ನು ತಡೆದರು. ಅದರಿಂದ ಬಾಡಿಗೆ ಕಳೆದುಕೊಂಡವರ ಕಷ್ಟ ನನಗೆ ಗೊತ್ತು, ಅವರಲ್ಲಿ ನನ್ನ ಅಣ್ಣನ ಮಗನೂ ಇದ್ದಾನೆ. ಆದರೂ ಹೇಳುತ್ತೇನೆ. ಇಂಜಿನ್ ಎಷ್ಟು ಎಳೆಯುತ್ತದೆ ಎಂದು ಕಂಪನಿ ಹೇಳಬಹುದು, ರಸ್ತೆ ಎಷ್ಟು ಹೊರುತ್ತದೆ ಎಂದು ಬೆಟ್ಟವನ್ನೇ ಕೇಳಬೇಕು.

ಇಲ್ಲಿ ಕೂತವರಲ್ಲಿ ತೋಟದ ಮಾಲೀಕರಿದ್ದೀರಿ, ಲಾರಿ, ಪಿಕಪ್ ಇಟ್ಟವರಿದ್ದೀರಿ. ನಿಮ್ಮ ಡ್ರೈವರ್ "ಇಷ್ಟು ಸಾಕು ಅಣ್ಣ" ಎಂದರೆ ದಯವಿಟ್ಟು ಅವನ ಕೈಯಿಂದ ಕೀಲಿ ಕಿತ್ತುಕೊಳ್ಳಬೇಡಿ. ಮಕ್ಕಳೇ, ಡ್ರೈವರ್ ಆಗುವುದು ಕೀಳು ಕೆಲಸವಲ್ಲ, ಖಂಡಿತ ಆಗಿ. ಆದರೆ ಹತ್ತನೇ ತರಗತಿ ಮುಗಿಸಿ, ಲೈಸೆನ್ಸ್ ಮಾಡಿಸಿ, ನಿಮ್ಮ ಹೆಸರು ಕಾಗದದಲ್ಲಿ ಬರುವ ಹಾಗೆ ಆಗಿ. ಗುರುಗಳಲ್ಲಿ ಒಂದು ಕೋರಿಕೆ. ಸ್ಮರಣ ಸಂಚಿಕೆಯಲ್ಲಿ ತೀರಿಹೋದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಾಕುತ್ತೀರೆಂದು ಕೇಳಿದೆ. ಒಂಬತ್ತನೇ ತರಗತಿ ಬಿಟ್ಟುಹೋದ ಆ ಹುಡುಗನ ಹೆಸರನ್ನೂ ಅದರಲ್ಲಿ ಸೇರಿಸಿ.